ಪರ್ಡ್ಯೂ 2025–26: 200 ನಿಮಿಷ, ಹತ್ತು ಮಂದಿ, ಯಾರಿಗೆ ಎಷ್ಟು?

ವಬಾಶ್ ದಂಡೆ | 14 ಜುಲೈ 2025

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದು ನನ್ನ ಹಳೆಯ ಚಟ. ಜುಲೈ ಬಂತೆಂದರೆ ಒಂದು ಹಾಳೆ ತೆಗೆದುಕೊಂಡು, ಮುಂದಿನ ಋತುವಿನಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಯಾರಿಗೆ ಎಷ್ಟು ನಿಮಿಷ ಸಿಗುತ್ತದೆ ಎಂದು ಬರೆಯುತ್ತೇನೆ. ಮಾರ್ಚ್‌ನಲ್ಲಿ, ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಹೊತ್ತಿಗೆ, ಅದೇ ಹಾಳೆಯನ್ನು ಹರಿದು ಹಾಕುತ್ತೇನೆ. ಈ ಸಲ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಹರಿಯುವ ಕೆಲಸ ನಿಮಗಿರಲಿ.

ನಿಯಮ ಒಂದೇ. ಪಂದ್ಯ 40 ನಿಮಿಷ, ಅಂಗಳದಲ್ಲಿ ಐವರು, ಒಟ್ಟು 200 ನಿಮಿಷ. ಯಾರಿಗಾದರೂ ಎರಡು ನಿಮಿಷ ಹೆಚ್ಚು ಕೊಡಬೇಕೆಂದರೆ ಅದನ್ನು ಯಾರಿಂದ ಕಿತ್ತುಕೊಳ್ಳುತ್ತೀರಿ ಎಂದು ಹೇಳಲೇಬೇಕು. "ಎಲ್ಲರಿಗೂ ಅವಕಾಶ ಸಿಗಲಿ" ಎನ್ನುವವರು ದಯವಿಟ್ಟು ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸಲು ಹೋಗಿ.

ಮೊದಲು ಹೋದವರು. ಕೇಲೆಬ್ ಫರ್ಸ್ಟ್ ಓದು ಮುಗಿಸಿದ. ಮೈಲ್ಸ್ ಕಾಲ್ವಿನ್ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಹೋದ, ಕ್ಯಾಮ್ಡನ್ ಹೈಡಿ ಟೆಕ್ಸಾಸ್‌ಗೆ. ಹೈಡಿ ಹೋದದ್ದು ನನಗೆ ಇನ್ನೂ ಅರಗಿಲ್ಲ. 2024ರ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ, ತಪ್ಪಿದ ಎಸೆತವೊಂದನ್ನು ಗಾಳಿಯಲ್ಲೇ ಹಿಡಿದು ಬುಟ್ಟಿಗೆ ಬಡಿದವನು ಅವನು. ಈ ಮಾರ್ಚ್‌ನಲ್ಲಿ ಹೂಸ್ಟನ್ ವಿರುದ್ಧ ಕೊನೆಯ ನಿಮಿಷದಲ್ಲಿ ಮೂರು ಪಾಯಿಂಟ್ ಹೊಡೆದು 60–60 ಮಾಡಿದವನೂ ಅವನೇ.

ಉಳಿದವರನ್ನು ನೋಡಿದರೆ ಮಾತ್ರ ಈ ಕಾಲದಲ್ಲಿ ಹೀಗೂ ಉಂಟೇ ಎನಿಸುತ್ತದೆ. ಬ್ರೇಡನ್ ಸ್ಮಿತ್, ಫ್ಲೆಚರ್ ಲೋಯರ್, ಟ್ರೇ ಕೌಫ್‌ಮನ್-ರೆನ್ ಮೂವರೂ ಕೊನೆಯ ವರ್ಷಕ್ಕೆ ಇಲ್ಲಿಯೇ ನಿಂತರು. ಟ್ರಾನ್ಸ್‌ಫರ್ ಪೋರ್ಟಲ್ ಎಂಬ, ಆಟಗಾರರು ಕಾಲೇಜು ಬದಲಿಸುವ ಸಂತೆ ತೆರೆದ ಮೇಲೆ ಒಂದೇ ಕಾಲೇಜಿನಲ್ಲಿ ಬೇರು ಬಿಟ್ಟ ಮೂವರು ಹಿರಿಯರು ಒಟ್ಟಿಗೆ ಸಿಗುವುದು ಅಪರೂಪ. ಸ್ಮಿತ್ ಕಳೆದ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 15.8 ಪಾಯಿಂಟ್, 8.7 ಅಸಿಸ್ಟ್ (ಬುಟ್ಟಿಗೆ ಹಾಕಿದವನಿಗೆ ಕೊಟ್ಟ ಪಾಸ್) ಗಳಿಸಿ, ಪರ್ಡ್ಯೂ ಆಡುವ ಬಿಗ್ ಟೆನ್ ಲೀಗ್‌ನ ವರ್ಷದ ಆಟಗಾರನಾದ. ಕೌಫ್‌ಮನ್-ರೆನ್ 20.1 ಪಾಯಿಂಟ್. ಲೋಯರ್ ಮೂರು ಪಾಯಿಂಟ್ ಎಸೆತಗಳಲ್ಲಿ ಶೇ 40ಕ್ಕೂ ಹೆಚ್ಚು ಗುರಿ ಮುಟ್ಟಿಸಿದ.

ಹೊಸಬರಲ್ಲಿ ದೊಡ್ಡ ಹೆಸರು ಆಸ್ಕರ್ ಕ್ಲಫ್, ಆಸ್ಟ್ರೇಲಿಯಾದವನು, 6 ಅಡಿ 11 ಅಂಗುಲ. ಸೌತ್ ಡಕೋಟಾ ಸ್ಟೇಟ್‌ನಲ್ಲಿ ಪಂದ್ಯಕ್ಕೆ 17.6 ಪಾಯಿಂಟ್, 12.3 ರೀಬೌಂಡ್ (ತಪ್ಪಿದ ಎಸೆತದ ಚೆಂಡು ಹಿಡಿಯುವುದು). ಇಸ್ರೇಲಿನ ಗಾರ್ಡ್ (ಚೆಂಡು ತರುವ, ಬುಟ್ಟಿಯಿಂದ ದೂರ ನಿಂತು ಆಡುವ ಆಟಗಾರ) ಓಮರ್ ಮೇಯರ್ ಬರುತ್ತಿದ್ದಾನೆ. ನಾರ್ತ್ ಫ್ಲಾರಿಡಾದಿಂದ ದೂರದ ಎಸೆತಗಾರ ಲಿಯಾಮ್ ಮರ್ಫಿ. ಡೇನಿಯಲ್ ಜೇಕಬ್‌ಸನ್, 7 ಅಡಿ 4 ಅಂಗುಲ, ಹಳಬನಾದರೂ ಹೊಸಬನೇ. ಕಳೆದ ವರ್ಷ ಎರಡನೆಯ ಪಂದ್ಯದ ಮೊದಲ ನಿಮಿಷಗಳಲ್ಲೇ ಕಾಲು ಮುರಿದುಕೊಂಡು ಇಡೀ ಋತು ಕಳೆದುಕೊಂಡ. ಒಂದು ವರ್ಷ ರೆಡ್‌ಶರ್ಟ್ ಆಗಿ (ಪಂದ್ಯ ಆಡದೆ ಅಭ್ಯಾಸವಷ್ಟೇ ಮಾಡುತ್ತ) ಕುಳಿತಿದ್ದ ಜ್ಯಾಕ್ ಬೆಂಟರ್ ಈಗ ಅಂಗಳಕ್ಕೆ ಇಳಿಯುತ್ತಾನೆ.

ನನ್ನ ಹಾಳೆ ಹೀಗಿದೆ:

ಸ್ಮಿತ್ 35, ಲೋಯರ್ 31, ಸಿ.ಜೆ. ಕಾಕ್ಸ್ 24, ಮೇಯರ್ 16, ಜಿಕಾರಿ ಹ್ಯಾರಿಸ್ 14. ಮೂರು ಗಾರ್ಡ್ ಸ್ಥಾನಗಳಿಗೆ 120 ಆಯಿತು.
ಫಾರ್ವರ್ಡ್ ಸ್ಥಾನಕ್ಕೆ ಕೌಫ್‌ಮನ್-ರೆನ್ 30, ಅದರಲ್ಲಿ ಮೂರು ನಿಮಿಷ ಸೆಂಟರ್ (ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದ ಆಟಗಾರ) ಆಗಿ. ಬೆಂಟರ್ 8, ಮರ್ಫಿ 5.
ಸೆಂಟರ್ ಸ್ಥಾನಕ್ಕೆ ಕ್ಲಫ್ 22, ಜೇಕಬ್‌ಸನ್ 15.

ಕೂಡಿಸಿ ನೋಡಿ, 200. ಆಟ ಶುರು ಮಾಡುವ ಐವರು ಸ್ಮಿತ್, ಕಾಕ್ಸ್, ಲೋಯರ್, ಕೌಫ್‌ಮನ್-ರೆನ್, ಕ್ಲಫ್.

ಇಷ್ಟೊಂದು ಆಸೆ ಏಕೆಂದರೆ 2026ರ ಏಪ್ರಿಲ್‌ನಲ್ಲಿ ಫೈನಲ್ ಫೋರ್ (ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕು ತಂಡಗಳ ಹಂತ) ನಡೆಯುವುದು ಇಂಡಿಯಾನಾಪೊಲಿಸ್‌ನಲ್ಲಿ, ಕ್ಯಾಂಪಸ್‌ನಿಂದ ಸುಮಾರು 100 ಕಿ.ಮೀ. ದೂರದಲ್ಲಿ. ಎನ್‌ಸಿಎಎ ನಡೆಸುವ ಈ ಟೂರ್ನಿಯನ್ನು ಪರ್ಡ್ಯೂ ಈವರೆಗೆ ಗೆದ್ದಿಲ್ಲ. 1969ರ ಫೈನಲ್‌ನಲ್ಲಿ ಯುಸಿಎಲ್‌ಎ ಎದುರು 92–72ರಿಂದ, 2024ರಲ್ಲಿ ಯುಕಾನ್ ಎದುರು 75–60ರಿಂದ ಸೋತಿತು. ಎರಡು ಸಲ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮೂಲೆ ಎಸೆತ | 14 ಜುಲೈ

ಕೂಡಿಸಿದೆ, 200 ಸರಿಯಾಗಿದೆ. ಉಳಿದದ್ದು ಸರಿಯಿಲ್ಲ.

ಕೌಫ್‌ಮನ್-ರೆನ್ ಮತ್ತು ಕ್ಲಫ್ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸುವುದೆಂದರೆ ಒಂದೇ ಕೋಣೆಗೆ ಇಬ್ಬರು ಬಾಡಿಗೆದಾರರನ್ನು ತಂದಂತೆ. ಇಬ್ಬರೂ ದೂರದಿಂದ ಎಸೆಯುವವರಲ್ಲ. ಇಬ್ಬರ ರಕ್ಷಕರೂ ಬುಟ್ಟಿಯ ಕೆಳಗೆ ಕಾಲು ಚಾಚಿ ಕುಳಿತುಬಿಡುತ್ತಾರೆ.

ಸ್ವಲ್ಪ ಹಿಂದಕ್ಕೆ ಹೋಗಿ. 2023–24ರಲ್ಲಿ ಕೌಫ್‌ಮನ್-ರೆನ್ ಇದೇ ಫಾರ್ವರ್ಡ್ ಸ್ಥಾನದಲ್ಲಿ ಜ್ಯಾಕ್ ಈಡಿಯ ಪಕ್ಕದಲ್ಲಿ ಆಡಿದ. ಸರಾಸರಿ 6.4 ಪಾಯಿಂಟ್. ಈಡಿ ಹೋದ, ಮರುವರ್ಷ ಇದೇ ಹುಡುಗ 20.1. ಒಂದೇ ಬೇಸಿಗೆಯಲ್ಲಿ ಮೂರು ಪಟ್ಟು ಒಳ್ಳೆಯ ಆಟಗಾರನಾದನೇ? ಸ್ವಲ್ಪ ಆಗಿರಬಹುದು. ಮುಖ್ಯವಾಗಿ ಜಾಗ ಸಿಕ್ಕಿತು. ಸ್ಮಿತ್ ಚೆಂಡು ತರುತ್ತಾನೆ, ಕೌಫ್‌ಮನ್-ರೆನ್ ಸ್ಕ್ರೀನ್ ಹಾಕಿ, ಅಂದರೆ ಸ್ಮಿತ್‌ನ ರಕ್ಷಕನಿಗೆ ಅಡ್ಡ ನಿಂತು, ಒಳಕ್ಕೆ ಜಾರುತ್ತಾನೆ, ಬುಟ್ಟಿಯಿಂದ ಏಳೆಂಟು ಅಡಿ ದೂರದಲ್ಲಿ ಚೆಂಡು ಸಿಗುತ್ತದೆ, ಒಂದು ಹೆಜ್ಜೆ ಇಟ್ಟು ಮೆಲ್ಲಗೆ ತೇಲಿಬಿಡುತ್ತಾನೆ. ಆ ಎಸೆತ ಬರುವುದು ಅವನ ಮುಂದಿನ ನೆಲ ಖಾಲಿ ಇದ್ದಾಗ ಮಾತ್ರ. ಆ ಖಾಲಿ ನೆಲದಲ್ಲಿ ಆಸ್ಟ್ರೇಲಿಯಾದಿಂದ ಒಬ್ಬನನ್ನು ತಂದು ನಿಲ್ಲಿಸಿ, "ಈಗ ನೋಡಿ ಬಲ" ಎನ್ನುತ್ತಿದ್ದೀರಿ.

ಬೆಂಟರ್‌ಗೆ 14 ಕೊಡಿ. ಕ್ಲಫ್‌ಗೆ 16 ಸಾಕು. ಕೌಫ್‌ಮನ್-ರೆನ್ ಸೆಂಟರ್ ಆಗಿ ಒಂಬತ್ತು ನಿಮಿಷ ಆಡಲಿ.

ವಬಾಶ್ ದಂಡೆ | 15 ಜುಲೈ

ಈಡಿಯ ಉದಾಹರಣೆ ನಿಮ್ಮ ವಾದಕ್ಕೇ ತಿರುಗಿ ಬೀಳುತ್ತದೆ. ಇಬ್ಬರು ಎತ್ತರದವರು ಒಟ್ಟಿಗೆ ಆಡಿದ ಆ ತಂಡವೇ ಫೈನಲ್‌ಗೆ ಹೋದದ್ದು. ಜಾಗ ಇದ್ದ 2024–25ರ ತಂಡ 24 ಗೆದ್ದು 12 ಸೋತಿತು.

ಮೂಲೆ ಎಸೆತ | 15 ಜುಲೈ

ಆ ತಂಡದಲ್ಲಿ ಈಡಿ ಇದ್ದ. 7 ಅಡಿ 4 ಅಂಗುಲ, ಎರಡು ವರ್ಷ ಸತತವಾಗಿ ದೇಶದ ಅತ್ಯುತ್ತಮ ಆಟಗಾರ, ಫೈನಲ್‌ನಲ್ಲಿ ಸೋಲುವಾಗಲೂ 37 ಪಾಯಿಂಟ್. ಕ್ಲಫ್‌ನನ್ನು ಅವನ ಪಕ್ಕ ನಿಲ್ಲಿಸಿ ಹೋಲಿಸುವುದು ಗುಡ್ಡವನ್ನೂ ಗೋಪುರವನ್ನೂ ಹೋಲಿಸಿದಂತೆ.

ಅಲ್ಯೂಮಿನಿಯಂ ಗುಮ್ಮಟ | 15 ಜುಲೈ

ಇಬ್ಬರೂ ಚೆಂಡು ನಮ್ಮ ಕೈಯಲ್ಲಿದ್ದಾಗಿನ ಮಾತನ್ನೇ ಆಡುತ್ತಿದ್ದೀರಿ. ಅರ್ಧ ಆಟ ಚೆಂಡು ಎದುರಾಳಿಯ ಕೈಯಲ್ಲಿರುತ್ತದೆ.

ಕಳೆದ ವರ್ಷ ನಾನು ನಮ್ಮ ಒಳಾಂಗಣ ಕ್ರೀಡಾಂಗಣವಾದ ಮ್ಯಾಕಿಯಲ್ಲಿ ನೋಡಿದ ಪಂದ್ಯಗಳಲ್ಲೆಲ್ಲ ಒಂದೇ ಚಿತ್ರ. ಎದುರಾಳಿ ಗಾರ್ಡ್ ಮೊದಲ ರಕ್ಷಕನನ್ನು ದಾಟಿದನೆಂದರೆ ಬುಟ್ಟಿಯ ಬಳಿ ಕಾಯುವವರೇ ಇರಲಿಲ್ಲ. ಕೌಫ್‌ಮನ್-ರೆನ್ ಕೈ ಎತ್ತಿ ನಿಲ್ಲುತ್ತಿದ್ದ, ಫೌಲ್ ಆಗಬಾರದೆಂದು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅವನದೇನೂ ತಪ್ಪಲ್ಲ. ಐದು ಫೌಲ್ ಆದರೆ ಪಂದ್ಯದಿಂದ ಹೊರಗೆ, 20 ಪಾಯಿಂಟ್ ಗಳಿಸುವವನು ಹೊರಗೆ ಕುಳಿತರೆ ತಂಡ ಮುಳುಗಿತು. ಜೇಕಬ್‌ಸನ್ ಕಾಲು ಮುರಿದುಕೊಂಡ ದಿನವೇ ಆ ಋತುವಿನ ರಕ್ಷಣೆಯೂ ಮುರಿದಿತ್ತು. ನಮಗೆ ಅದು ತಿಳಿದದ್ದು ಜನವರಿಯ ಹೊತ್ತಿಗೆ.

ಆದ್ದರಿಂದ ಕ್ಲಫ್ ಬೇಕು. ಅವನು ಪಾಯಿಂಟ್ ಗಳಿಸಲಿ ಎಂದಲ್ಲ. ಎದುರಾಳಿಯ ಅತಿ ಭಾರದ ಮನುಷ್ಯನೊಡನೆ ಕುಸ್ತಿ ಹಿಡಿಯುವ ಕೆಲಸ ಅವನಿಗೆ ಹೋಗಲಿ, ಕೌಫ್‌ಮನ್-ರೆನ್ ಉಸಿರು ಉಳಿಸಿಕೊಳ್ಳಲಿ ಎಂದು.

ನಿಮಿಷದ ತಿದ್ದುಪಡಿ: ಜೇಕಬ್‌ಸನ್ 15ರಿಂದ 18, ಕ್ಲಫ್ 22ರಿಂದ 19. ಜೇಕಬ್‌ಸನ್ ಈ ತಿಂಗಳಷ್ಟೇ ಲೊಸಾನ್‌ನಲ್ಲಿ ಅಮೆರಿಕದ 19 ವರ್ಷದೊಳಗಿನವರ ತಂಡದೊಂದಿಗೆ ವಿಶ್ವಕಪ್ ಚಿನ್ನ ಗೆದ್ದು ಬಂದಿದ್ದಾನೆ. ಕಾಲು ಗಟ್ಟಿಯಾಗಿದೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು? ಅದೇ ಟೂರ್ನಿಯಲ್ಲಿ ಮೇಯರ್ ಇಸ್ರೇಲ್ ಪರ ಆಡಿದ. ಇಬ್ಬರೂ ಬೇಸಿಗೆಯಲ್ಲಿ ಖಾಲಿ ಕುಳಿತಿಲ್ಲ.

ಐದು ಧ್ವಜ | 16 ಜುಲೈ

ನಿಮ್ಮ ಎದುರಾಳಿ ಇಂಡಿಯಾನಾ ವಿಶ್ವವಿದ್ಯಾಲಯದ ಊರಾದ ಬ್ಲೂಮಿಂಗ್ಟನ್‌ನಿಂದ ನಮಸ್ಕಾರ. ನಿಮ್ಮ ಲೆಕ್ಕ ಓದಿ ಖುಷಿಯಾಯಿತು. 1940, 1953, 1976, 1981, 1987. ನಾವು ರಾಷ್ಟ್ರೀಯ ಟೂರ್ನಿ ಗೆದ್ದು ಧ್ವಜ ಕಟ್ಟಿದ ವರ್ಷಗಳು. ನಮ್ಮ ಲೆಕ್ಕ ಇಷ್ಟೇ, ಕೂಡಿಸುವುದೂ ಸುಲಭ.

ವಬಾಶ್ ದಂಡೆ | 16 ಜುಲೈ

ನಮಸ್ಕಾರ. ನಿಮ್ಮ ಕೊನೆಯ ಧ್ವಜಕ್ಕೂ ಮದುವೆಯ ವಯಸ್ಸಿನ ನನ್ನ ಸೋದರಳಿಯನಿಗೂ ಹೆಚ್ಚುಕಡಿಮೆ ಒಂದೇ ಪ್ರಾಯ. ಹೊಸ ಕೋಚ್ ಡಾರಿಯನ್ ಡಿವ್ರೀಸ್ ಬಂದ ಮೇಲೆ ನಿಮ್ಮ ತಂಡದಲ್ಲಿ ಹಳಬರ ಮುಖವೇ ಕಾಣುತ್ತಿಲ್ಲವಂತೆ. ಮೊದಲು ನಿಮ್ಮ ಹುಡುಗರು ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳಲಿ, ಆಮೇಲೆ ನಿಮಿಷ ಹಂಚೋಣ.

ನಿವೃತ್ತ ಪಿ.ಟಿ. ಮೇಷ್ಟ್ರು | 19 ಜುಲೈ

ನಾನು ದಾವಣಗೆರೆಯವನು. ಮಗಳು ಪರ್ಡ್ಯೂನಲ್ಲಿ ಓದುತ್ತಿದ್ದಾಳೆ. ಅವಳಿಂದ ಈ ಹುಚ್ಚು ನನಗೂ ಹತ್ತಿತು. ಚಳಿಗಾಲದಲ್ಲಿ ಅಲ್ಲಿ ಸಂಜೆ ಏಳಕ್ಕೆ ಪಂದ್ಯ ಎಂದರೆ ನಮಗೆ ಬೆಳಗಿನ ಐದೂವರೆ. ಹಾಲಿನವನು ಬರುವ ಹೊತ್ತಿಗೆ ಮೊದಲಾರ್ಧ ಮುಗಿಯುವ ಹಂತಕ್ಕೆ ಬಂದಿರುತ್ತದೆ.

ನಾನು ಮೂವತ್ತು ವರ್ಷ ಶಾಲಾ ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಆಡಿಸಿದ್ದೇನೆ. ದೊಡ್ಡ ಆಟ ನನಗೆ ತಿಳಿಯದು. ಆದರೆ ನೀವು ಮೂವರೂ ಬುಟ್ಟಿಯ ಕೆಳಗಿನ ಜಗಳದಲ್ಲಿ ಮುಳುಗಿರುವುದನ್ನು ನೋಡಿ ಒಂದು ಮಾತು ಹೇಳಬೇಕೆನಿಸಿತು. ಈ ಹಾಳೆಯಲ್ಲಿ ಅತ್ಯಂತ ಅಪಾಯದ ಅಂಕಿ ಕ್ಲಫ್‌ನ 22 ಅಲ್ಲ, ಸ್ಮಿತ್‌ನ 35.

ಕಳೆದ ವರ್ಷ ಆ ಹುಡುಗ ಪಂದ್ಯಕ್ಕೆ ಸುಮಾರು 37 ನಿಮಿಷ ಆಡಿದ. ಅಂದರೆ ಮೂರು ನಿಮಿಷ ವಿಶ್ರಾಂತಿ. ಪ್ರತಿ ಸಲ ಚೆಂಡು ತರುವವನು ಅವನು, ಸ್ಕ್ರೀನ್ ಬಳಸಿ ತಿರುಗುವವನು ಅವನು, ರಕ್ಷಕನನ್ನು ಬೆನ್ನ ಹಿಂದೆ ಸಿಕ್ಕಿಸಿಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಯಾರು ಖಾಲಿ ಎಂದು ಕಾಯುವವನು ಅವನು. ಎದುರಾಳಿ ತಂಡ ಇದನ್ನು ಬಲ್ಲದು. ಅಂಗಳದ ಆ ತುದಿಯಿಂದಲೇ ಒಬ್ಬನನ್ನು ಅವನ ಮೈಮೇಲೆ ಬಿಡುತ್ತದೆ. ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ಮೂವತ್ತೈದನೆಯ ನಿಮಿಷದಲ್ಲಿ ನೋಡಿ, ಎಸೆತ ಬುಟ್ಟಿಯ ಮುಂಭಾಗಕ್ಕೆ ತಾಗಿ ಹಿಂದೆ ಬರುತ್ತದೆ. ಕಾಲು ಸೋತಿದೆ ಎಂಬುದಕ್ಕೆ ಅದೇ ಗುರುತು. ನಮ್ಮ ಮಕ್ಕಳಲ್ಲೂ ಅಷ್ಟೇ. ಕೈ ಸೋಲುವ ಮೊದಲು ಕಾಲು ಸೋಲುತ್ತದೆ.

ಕೋಚ್‌ಗಳು ಇದಕ್ಕೊಂದು ಉಪಾಯ ಮಾಡುತ್ತಾರೆ. ಕಾಲೇಜು ಪಂದ್ಯದ ಪ್ರತಿ ಅರ್ಧದಲ್ಲಿ 16, 12, 8, 4 ನಿಮಿಷ ಉಳಿದ ಮೇಲೆ ಮೊದಲ ಸಲ ಆಟ ನಿಂತಾಗ ಟಿ.ವಿ. ವಿರಾಮ ಬರುತ್ತದೆ. ಗಡಿಯಾರ 12ರ ಸಮೀಪ ಬಂದಾಗ ಆಟಗಾರನನ್ನು ಹೊರಗೆ ಕರೆಯಿರಿ. ಅರ್ಧ ನಿಮಿಷ ಆಟ ನಡೆಯುತ್ತದೆ, ವಿರಾಮ ಬರುತ್ತದೆ, ಮತ್ತೆ ಅರ್ಧ ನಿಮಿಷ ಬಿಟ್ಟು ಒಳಗೆ ಕಳುಹಿಸಿ. ಆಟದ ಗಡಿಯಾರದಲ್ಲಿ ಖರ್ಚಾದದ್ದು ಒಂದು ನಿಮಿಷ, ಕಾಲಿಗೆ ಸಿಕ್ಕ ವಿಶ್ರಾಂತಿ ಮೂರ್ನಾಲ್ಕು ನಿಮಿಷ. ಇದನ್ನು ಪಂದ್ಯಕ್ಕೆ ಐದಾರು ಸಲ ಮಾಡಬಹುದು. ಮಾಡಬೇಕಾದರೆ ಮಾತ್ರ ಆ ಒಂದು ನಿಮಿಷ ಚೆಂಡನ್ನು ಕಳೆದುಕೊಳ್ಳದೆ ತರಬಲ್ಲ ಇನ್ನೊಬ್ಬನಿರಬೇಕು. ಕಳೆದ ವರ್ಷ ಇರಲಿಲ್ಲ.

ಹಾಗಾಗಿ ನನ್ನ ಪಾಲಿಗೆ ಈ ಚರ್ಚೆಯ ಮುಖ್ಯ ಹೆಸರು ಕ್ಲಫ್ ಅಲ್ಲ, ಮೇಯರ್. ಅವನಿಗೆ 20 ಕೊಡಿ. ಸ್ಮಿತ್‌ನಿಂದ ಎರಡು, ಹ್ಯಾರಿಸ್‌ನಿಂದ ಎರಡು ತೆಗೆದುಕೊಳ್ಳಿ.

ಮೂಲೆ ಎಸೆತ | 19 ಜುಲೈ

ಮೇಷ್ಟ್ರೇ, ಕೈ ಮುಗಿದೆ. ಆದರೂ ಒಂದು ಅನುಮಾನ. ಬಿಗ್ ಟೆನ್‌ನಲ್ಲಿ ಮೊದಲ ವರ್ಷದ ಗಾರ್ಡ್‌ಗೆ 20 ನಿಮಿಷ ಕೊಡುವುದು ನಮ್ಮ ಕೋಚ್ ಮ್ಯಾಟ್ ಪೇಂಟರ್ ಅವರ ಸ್ವಭಾವವೇ? ರೆಡ್‌ಶರ್ಟ್ ತೊಡಿಸಿ ಒಂದು ವರ್ಷ ಕೂರಿಸುವುದು ಅವರಿಗೆ ಇಷ್ಟ. ಕೌಫ್‌ಮನ್-ರೆನ್ ಕುಳಿತ, ಹೈಡಿ ಕುಳಿತ, ಬೆಂಟರ್ ಕುಳಿತ.

ಅಲ್ಯೂಮಿನಿಯಂ ಗುಮ್ಮಟ | 20 ಜುಲೈ

ಸ್ಮಿತ್ ಮತ್ತು ಲೋಯರ್ ಇಬ್ಬರೂ ಮೊದಲ ವರ್ಷದಿಂದಲೇ ಆರಂಭಿಕ ಐವರಲ್ಲಿದ್ದರು. ಕಾಕ್ಸ್ ಕಳೆದ ವರ್ಷ ಹೊಸಬನಾಗಿ ಬಂದು, ಋತು ಮುಗಿಯುವುದರೊಳಗೆ ಆರಂಭಿಕ ಐವರಲ್ಲಿ ಜಾಗ ಹಿಡಿದ. ಚೆಂಡು ಕಳೆದುಕೊಳ್ಳದ ಗಾರ್ಡ್ ಸಿಕ್ಕರೆ ಪೇಂಟರ್ ಕಾಯಿಸುವುದಿಲ್ಲ. ರೆಡ್‌ಶರ್ಟ್ ಹೆಚ್ಚಾಗಿ ತೂಕ ಕೂಡಬೇಕಾದ ಫಾರ್ವರ್ಡ್‌ಗಳಿಗೆ. ಈ ವರ್ಷ ಟಲೀಡೋದಿಂದ ಬರುತ್ತಿರುವ ಆಂಟ್ವಾನ್ ವೆಸ್ಟ್‌ಗೆ ಆ ಸಾಧ್ಯತೆ ಇದೆ, ಏಕೆಂದರೆ ಅವನ ಮುಂದೆ ಐವರು ಗಾರ್ಡ್‌ಗಳ ಸಾಲೇ ಇದೆ. ಮೇಯರ್ ವಿಷಯ ಬೇರೆ. ಅವನು ಇಸ್ರೇಲಿನ ಮಕಾಬಿ ಕ್ಲಬ್‌ನಲ್ಲಿ ದೊಡ್ಡವರ ನಡುವೆ ಬೆಳೆದ ಹುಡುಗ.

ಮೇಷ್ಟ್ರ ಮಾತಿಗೆ ನನ್ನದೂ ಒಂದು ಸಾಕ್ಷಿ. ಮಾರ್ಚ್ 28ರಂದು, ಆ ಹೂಸ್ಟನ್ ಪಂದ್ಯಕ್ಕೆ, ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಕ್ರೀಡಾಂಗಣದಲ್ಲಿ ಮೇಲಿನ ಸಾಲಿನಲ್ಲಿದ್ದೆ. ಎಲ್ಲಿ ನೋಡಿದರೂ ಕಪ್ಪು ಮತ್ತು ಚಿನ್ನದ ಬಣ್ಣ, ನಮ್ಮ ಮನೆಯಂಗಳದಂತೆಯೇ ಇತ್ತು. ಹೈಡಿ ಸಮ ಮಾಡಿದಾಗ ಪಕ್ಕದಲ್ಲಿದ್ದ ಅಜ್ಜ ನನ್ನ ಭುಜ ಹಿಡಿದು ಕುಲುಕಿಬಿಟ್ಟರು. ಆಮೇಲೆ ಹೂಸ್ಟನ್‌ಗೆ ಬುಟ್ಟಿಯ ಪಕ್ಕದ ಗೆರೆಯಿಂದ ಚೆಂಡು. ಉಳಿದದ್ದು ಎರಡು ಸೆಕೆಂಡ್ ಚಿಲ್ಲರೆ. ಚೆಂಡು ಒಳಗೆ ಕೊಟ್ಟವನು ಮಿಲೋಸ್ ಉಜಾನ್. ನಮ್ಮವರೆಲ್ಲ ಚೆಂಡನ್ನು ನೋಡಿದರು, ಕೊಟ್ಟವನನ್ನು ಯಾರೂ ನೋಡಲಿಲ್ಲ. ಅವನು ಗೆರೆ ದಾಟಿ ಒಳಗೆ ಬಂದ, ಜೋಸೆಫ್ ಟಗ್ಲರ್ ಚೆಂಡನ್ನು ಹಿಂದಿರುಗಿಸಿದ, ಉಜಾನ್ ಬುಟ್ಟಿಗೆ ಹಾಕಿದ. 62–60, ಉಳಿದದ್ದು 0.9 ಸೆಕೆಂಡ್.

ಅದನ್ನು ದಣಿವು ಎನ್ನುತ್ತೀರೋ ಮರೆವು ಎನ್ನುತ್ತೀರೋ. ನಾನು ಅಂದಿನಿಂದ ದಣಿವು ಎಂದೇ ಹೇಳುತ್ತಿದ್ದೇನೆ. 39 ನಿಮಿಷ 57 ಸೆಕೆಂಡ್ ಆದ ಮೇಲೆ ತಲೆ ತಿರುಗಿಸಿ ಹಿಂದೆ ನೋಡುವುದಕ್ಕೂ ಶಕ್ತಿ ಬೇಕು.

ಲೆಕ್ಕದ ಪುಸ್ತಕ | 22 ಜುಲೈ

ಸ್ಮಿತ್‌ನ ನಿಮಿಷ ಕಡಿಮೆ ಮಾಡಬೇಕೆನ್ನುವವರಿಗೆ ಇನ್ನೊಂದು ಅಂಕಿ. ಎನ್‌ಸಿಎಎ ಪುರುಷರ ಒಂದನೇ ವಿಭಾಗದಲ್ಲಿ ಜೀವಮಾನದ ಅಸಿಸ್ಟ್ ದಾಖಲೆ ಡ್ಯೂಕ್‌ನ ಬಾಬಿ ಹರ್ಲಿಯದು, 1,076. 1993ರಿಂದ ಯಾರೂ ಮುಟ್ಟಿಲ್ಲ. ಸ್ಮಿತ್ ಮೂರು ವರ್ಷದಲ್ಲಿ 758 ಮಾಡಿದ್ದಾನೆ. ದಾಖಲೆ ಮುರಿಯಲು 319 ಬೇಕು.

ಕಳೆದ ವರ್ಷದ ವೇಗ ಪಂದ್ಯಕ್ಕೆ 8.7. ಕಳೆದ ವರ್ಷದಂತೆಯೇ 36 ಪಂದ್ಯ ಆಡಿದರೆ 313 ಆಗುತ್ತದೆ. ಆರು ಕಡಿಮೆ. 37 ಪಂದ್ಯ ಆದರೆ ಸುಮಾರು 322, ದಾಖಲೆ ಮುರಿಯಿತು. ಅಂದರೆ ತಂಡ ಮಾರ್ಚ್‌ನಲ್ಲಿ ಒಂದು ಪಂದ್ಯ ಹೆಚ್ಚು ಗೆದ್ದರೆ ಸಾಕು. ಆದರೆ ನಿಮಿಷ 37ರಿಂದ 33ಕ್ಕೆ ಇಳಿಸಿ ನೋಡಿ. ಅದೇ ಪ್ರಮಾಣದಲ್ಲಿ ಅಸಿಸ್ಟ್ 7.8ಕ್ಕೆ ಬೀಳುತ್ತದೆ. ಆಗ 41 ಪಂದ್ಯ ಬೇಕು. ಅಷ್ಟು ಪಂದ್ಯ ಸಿಗಬೇಕಾದರೆ ತಂಡ ಕೊನೆಯ ದಿನದ ಹತ್ತಿರ ಬರಲೇಬೇಕು.

ಇಂಥ ದಾಖಲೆ ಎದುರಿಗಿದ್ದಾಗ ಯಾವ ಕೋಚ್ ತನ್ನ ಹುಡುಗನನ್ನು ಹೊರಗೆ ಕೂರಿಸುತ್ತಾರೆ?

ನಿವೃತ್ತ ಪಿ.ಟಿ. ಮೇಷ್ಟ್ರು | 22 ಜುಲೈ

ನಿಮ್ಮ ಲೆಕ್ಕ ಸರಿ, ಊಹೆ ತಪ್ಪು. ದಣಿದವನ 37 ನಿಮಿಷಕ್ಕಿಂತ ತಾಜಾ ಇರುವವನ 33 ನಿಮಿಷದಲ್ಲಿ ಒಳ್ಳೆಯ ಪಾಸ್ ಹೆಚ್ಚು ಬರಬಹುದು. ಅಸಿಸ್ಟ್ ಎಂದರೆ ಪಾಸ್ ಪಡೆದವನು ಬುಟ್ಟಿಗೆ ಹಾಕಬೇಕು. ಈ ವರ್ಷ ಹಾಕುವ ಕೈಗಳು ಹೆಚ್ಚಿವೆ. ಕ್ಲಫ್‌ಗೆ ಬುಟ್ಟಿಯ ಬಳಿ, ಜೇಕಬ್‌ಸನ್‌ಗೆ ಬುಟ್ಟಿಗಿಂತ ಮೇಲೆ ಚೆಂಡು ಎಸೆದರೂ ಸಾಕು. ಒಂದು ನಿಮಿಷಕ್ಕೆ ಎಷ್ಟು ಎಂಬುದು ಕಳೆದ ವರ್ಷದಷ್ಟೇ ಇರಬೇಕಾಗಿಲ್ಲ.

ಲೆಕ್ಕದ ಪುಸ್ತಕ | 22 ಜುಲೈ

ಇದನ್ನು ಒಪ್ಪಿದೆ. ಪುಸ್ತಕದಲ್ಲಿ ಅಡ್ಡಗೆರೆ ಎಳೆದಿದ್ದೇನೆ.

ಮೂಲೆ ಎಸೆತ | 2 ಆಗಸ್ಟ್

ಯಾರೂ ಹ್ಯಾರಿಸ್ ಪರ ಮಾತನಾಡುತ್ತಿಲ್ಲ, ಹಾಗಾಗಿ ನಾನು. ಎಲ್ಲರೂ ಬಂದು ಅವನ ಜೇಬಿನಿಂದಲೇ ನಿಮಿಷ ಕದಿಯುತ್ತಿದ್ದೀರಿ. ಬಡವನ ಮನೆಗೆ ಕನ್ನ. ಎದುರಾಳಿಯ ಅತ್ಯುತ್ತಮ ಗಾರ್ಡ್‌ನನ್ನು ಹಿಡಿದು ನಿಲ್ಲಿಸಬಲ್ಲ ಮೈಕಟ್ಟು ಈ ತಂಡದಲ್ಲಿ ಅವನಿಗೆ, ಕಾಕ್ಸ್‌ಗೆ ಬಿಟ್ಟರೆ ಯಾರಿಗಿದೆ? ಸ್ಮಿತ್, ಲೋಯರ್, ಮೇಯರ್ ಮೂವರನ್ನೂ ಒಟ್ಟಿಗೆ ಇಳಿಸಿ ನೋಡಿ. ಚೆಂಡು ನಮ್ಮದಾದಾಗ ಹಬ್ಬ, ಅವರದಾದಾಗ ಬಾಗಿಲು ತೆರೆದ ಮನೆ. ನವೆಂಬರ್ 13ಕ್ಕೆ ಅಲಬಾಮಾದಲ್ಲಿ ಪಂದ್ಯವಿದೆ. ಆ ತಂಡ ಓಡುವುದನ್ನು ಬಿಟ್ಟು ಬೇರೇನೂ ಮಾಡುವುದಿಲ್ಲ. ಅಲ್ಲಿ ಹ್ಯಾರಿಸ್ 20 ನಿಮಿಷ ಆಡದಿದ್ದರೆ ನನ್ನ ಹೆಸರು ಬದಲಿಸಿಕೊಳ್ಳುತ್ತೇನೆ.

ವಬಾಶ್ ದಂಡೆ | 2 ಆಗಸ್ಟ್

ಇದು ಇಲ್ಲಿ ಬಂದ ಅತ್ಯಂತ ಉಪಯುಕ್ತ ಆಕ್ಷೇಪ. ಸರಾಸರಿ ಎಂಬುದೇ ಒಂದು ಸುಳ್ಳು. ಹ್ಯಾರಿಸ್‌ಗೆ 14 ಎಂದರೆ ಪ್ರತಿ ಪಂದ್ಯಕ್ಕೂ 14 ಅಲ್ಲ. ಓಡುವ ತಂಡದ ವಿರುದ್ಧ 20, ಇಬ್ಬರು ಎತ್ತರದವರನ್ನು ಇಟ್ಟು ನಿಧಾನ ಆಡುವ ತಂಡದ ವಿರುದ್ಧ 8. ಜೇಕಬ್‌ಸನ್‌ಗೆ ಇದು ತಿರುವುಮುರುವು. ಅಲಬಾಮಾದಂಥ ತಂಡ ಐವರನ್ನೂ ಮೂರು ಪಾಯಿಂಟ್ ಗೆರೆಯ ಹೊರಗೆ ಹರಡಿದರೆ ಅವನು ಅಷ್ಟು ದೂರ ಓಡಿ ಹೋಗಿ ಕಾಯಲಾರ. ಆಗ ಕೌಫ್‌ಮನ್-ರೆನ್ ಸೆಂಟರ್ ಆಗುತ್ತಾನೆ, ಮೂಲೆ ಎಸೆತದವರ ಕನಸು ಒಂದು ರಾತ್ರಿಯ ಮಟ್ಟಿಗೆ ನನಸಾಗುತ್ತದೆ.

ಅಂದ ಹಾಗೆ, ನವೆಂಬರ್‌ನಲ್ಲಿ ಬಹಾಮಾಸ್‌ಗೆ ಹೋಗುವ ಟೂರ್ನಿಯಲ್ಲಿ ವೇಕ್ ಫಾರೆಸ್ಟ್ ಕೂಡ ಇದೆ. ಕಾಲ್ವಿನ್ ಎದುರಾಳಿಯಾಗಿ ನಿಂತರೆ ಹೇಗಿರುತ್ತದೋ.

ಅಲ್ಯೂಮಿನಿಯಂ ಗುಮ್ಮಟ | 6 ಸೆಪ್ಟೆಂಬರ್

ವಿಷಯಾಂತರಕ್ಕೆ ಕ್ಷಮೆ ಇರಲಿ. ಇಂದು ಕ್ಯಾಂಪಸ್‌ಗೆ ಹೋಗಿದ್ದೆ, ಮ್ಯಾಕಿಯ ಮುಂದೆ ಹಾದುಹೋದೆ. ಒಳಗೆ ಯಾರೂ ಇಲ್ಲದಾಗ ಅದು ಎಷ್ಟು ಸಾಧಾರಣ ಕಟ್ಟಡ! ದುಂಡಗಿನ ಇಟ್ಟಿಗೆ ಗೋಡೆ, ಮೇಲೆ ಲೋಹದ ಗುಮ್ಮಟ, 1967ರಿಂದ ಹಾಗೆಯೇ ಕುಳಿತಿದೆ. ಚಳಿಗಾಲದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನ ಕೂಗಿದಾಗ ಆ ಲೋಹ ಶಬ್ದವನ್ನು ಹೊರಗೆ ಬಿಡದೆ ತಲೆಯ ಮೇಲೆ ಸುರಿಯುತ್ತದೆ. ಅಂಥದ್ದೇ ಸದ್ದನ್ನು ನಾನು ಇನ್ನೊಮ್ಮೆ ಕೇಳಿದ್ದು ಬೆಂಗಳೂರಿನಲ್ಲಿ, 2017ರ ಜುಲೈನಲ್ಲಿ, ಕಂಠೀರವ ಒಳಾಂಗಣದಲ್ಲಿ. ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ನಮ್ಮ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿದರು. ಕೊನೆಯ ನಿಮಿಷದಲ್ಲಿ ಪಕ್ಕದವಳ ಮಾತು ಕೇಳಿಸುತ್ತಿರಲಿಲ್ಲ, ಬಾಯಿ ಆಡುವುದಷ್ಟೇ ಕಾಣುತ್ತಿತ್ತು.

ವಿಷಯಕ್ಕೆ ಬರುತ್ತೇನೆ. ಮನೆಯಂಗಳದಲ್ಲಿ ಹೊಸಬರಿಗೆ ನಿಮಿಷ ಕೊಡುವುದು ಸುಲಭ, ಆ ಸದ್ದು ಎದುರಾಳಿಯ ಕಾಲು ನಡುಗಿಸುತ್ತದೆ. ಮೇಯರ್‌ಗೆ 20 ಸಿಗುವುದು ಮ್ಯಾಕಿಯಲ್ಲಿ. ಹೊರ ಊರಿನ ಪಂದ್ಯಗಳಲ್ಲಿ ಜನವರಿಯವರೆಗಾದರೂ 14 ದಾಟುವುದಿಲ್ಲ ಎಂದು ನನ್ನ ಅಂದಾಜು.

ಐದು ಧ್ವಜ | 13 ಅಕ್ಟೋಬರ್

ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ತಂಡಗಳ ಶ್ರೇಯಾಂಕ ಪಟ್ಟಿ ಬಂದಿದೆ. ಋತುವಿಗೆ ಮುನ್ನವೇ ಪರ್ಡ್ಯೂ ನಂಬರ್ ಒನ್, ನಿಮ್ಮ ಇತಿಹಾಸದಲ್ಲೇ ಮೊದಲ ಸಲ. ಅಭಿನಂದನೆಗಳು. 2021ರ ಡಿಸೆಂಬರ್ ನೆನಪಿದೆ ತಾನೇ?

ವಬಾಶ್ ದಂಡೆ | 13 ಅಕ್ಟೋಬರ್

ನೆನಪಿದೆ. ಮೊದಲ ಬಾರಿಗೆ ನಂಬರ್ ಒನ್ ಆದ ಅದೇ ವಾರ ರಟ್ಗರ್ಸ್‌ನ ರಾನ್ ಹಾರ್ಪರ್ ಜೂನಿಯರ್ ಅಂಗಳದ ನಡುವಿನ ಗೆರೆಯ ಬಳಿಯಿಂದ ಎಸೆದ ಚೆಂಡು ಗಂಟೆ ಹೊಡೆಯುವ ಹೊತ್ತಿಗೆ ಬುಟ್ಟಿಯೊಳಗೆ ಬಿತ್ತು. 70–68. ನೆನಪಿಸಿದ್ದಕ್ಕೆ ಧನ್ಯವಾದ, ರಾತ್ರಿ ನಿದ್ದೆ ಬಂದಂತೆಯೇ.

ಲೆಕ್ಕದ ಪುಸ್ತಕ | 14 ಅಕ್ಟೋಬರ್

ನವೆಂಬರ್ 4ಕ್ಕೆ ಎವನ್ಸ್‌ವಿಲ್ ವಿರುದ್ಧ ಮೊದಲ ಪಂದ್ಯ. ಹಾಳೆಯನ್ನು ಅದಕ್ಕೂ ಮುಂಚೆ ಮುಚ್ಚಬೇಕು. ವಬಾಶ್ ದಂಡೆಯವರೇ, ಅಂತಿಮ ಪಟ್ಟಿ ಕೊಡಿ. ನವೆಂಬರ್‌ನದ್ದು ಬೇಡ. ನವೆಂಬರ್‌ನಲ್ಲಿ ಎಲ್ಲ ಕೋಚ್‌ಗಳೂ ಹತ್ತು ಮಂದಿಯನ್ನು ಆಡಿಸುತ್ತಾರೆ. ಮಾರ್ಚ್‌ನದ್ದು ಕೊಡಿ.

ವಬಾಶ್ ದಂಡೆ | 15 ಅಕ್ಟೋಬರ್

ಎರಡು ರಾತ್ರಿ ಕುಳಿತು ಬರೆದೆ.

ಗಾರ್ಡ್‌ಗಳು: ಸ್ಮಿತ್ 37, ಲೋಯರ್ 33, ಕಾಕ್ಸ್ 26, ಮೇಯರ್ 18, ಹ್ಯಾರಿಸ್ 6. 120.
ಫಾರ್ವರ್ಡ್: ಕೌಫ್‌ಮನ್-ರೆನ್ 32, ಬೆಂಟರ್ 8. 40.
ಸೆಂಟರ್: ಕ್ಲಫ್ 24, ಜೇಕಬ್‌ಸನ್ 15, ಕೌಫ್‌ಮನ್-ರೆನ್ 1. 40.

ಮರ್ಫಿಗೆ ಸೊನ್ನೆ. ಮೂಲೆ ಎಸೆತದವರೇ, ಹ್ಯಾರಿಸ್ ವಿಷಯದಲ್ಲಿ ಬೈಯುವುದಿದ್ದರೆ ಬೈಯಿರಿ, ಸಿದ್ಧನಿದ್ದೇನೆ. ಮೇಷ್ಟ್ರೇ, ಸ್ಮಿತ್‌ಗೆ 33 ಬರೆದು ಎರಡು ಸಲ ಅಳಿಸಿದೆ. ಜನವರಿ, ಫೆಬ್ರುವರಿಯಲ್ಲಿ 33 ಇರಲಿ, ಕಾಲು ಉಳಿಯಲಿ ಎಂಬುದು ನಿಮ್ಮಿಂದ ಕಲಿತದ್ದು. ಮಾರ್ಚ್‌ನಲ್ಲಿ ಸೋತರೆ ಮನೆಗೆ ಹೋಗುವ ಪಂದ್ಯದಲ್ಲಿ ಅವನನ್ನು ಕೂರಿಸುವ ಧೈರ್ಯ ಹಾಳೆಯ ಮೇಲೆ ಬರೆಯುವ ನನಗೇ ಬರಲಿಲ್ಲ.

ನಿವೃತ್ತ ಪಿ.ಟಿ. ಮೇಷ್ಟ್ರು | 15 ಅಕ್ಟೋಬರ್

37 ಎಂದರೆ ಮೂರು ನಿಮಿಷ ವಿಶ್ರಾಂತಿ ಇದೆ. ಆ ಮೂರನ್ನು ಒಟ್ಟಿಗೆ ಕೊಡಬೇಡಿ. ಮೊದಲಾರ್ಧದಲ್ಲಿ 12ರ ವಿರಾಮಕ್ಕೆ ಒಂದು, ಎರಡನೆಯ ಅರ್ಧದಲ್ಲಿ 12ಕ್ಕೆ ಒಂದು, 8ಕ್ಕೆ ಒಂದು. ಮೂರೂ ಸಲ ಒಳಗೆ ಹೋಗುವವನು ಮೇಯರ್ ಇರಲಿ. ಮಗಳು ಎವನ್ಸ್‌ವಿಲ್ ಪಂದ್ಯಕ್ಕೆ ಹೋಗುತ್ತಾಳಂತೆ. ಸ್ಮಿತ್ ಎದ್ದು ಬೆಂಚಿಗೆ ಹೋದಾಗಲೆಲ್ಲ ಗಡಿಯಾರದಲ್ಲಿ ಎಷ್ಟಿತ್ತು ಎಂದು ಬರೆದುಕೊಳ್ಳಲು ಹೇಳಿದ್ದೇನೆ.